ಈಡಾಗದ ಕೋವಿಗೂ ಲೈಸೆನ್ಸಾ?

ಸಂಪಾದಕರಿಗೆ ನಮಸ್ಕಾರ,

ನಮ್ಮಪ್ಪ ತೀರ್ಕೊಂಡು ಒಂದೂವರೆ ವರ್ಷ ಆಯ್ತು. ತೋಟದ ಖಾತೆ, ಸೊಸೈಟಿ ಸಾಲ ಎಲ್ಲ ಹೇಗೋ ಬಗೆಹರೀತು. ಉಳಿದಿರೋದು ಅಜ್ಜನ ಕಾಲದ ಜೋಡು ನಳಿಗೆ ಕೋವಿ ಒಂದೇ, ಅದನ್ನ ಏನು ಮಾಡೋದು ಅಂತ ಮನೇಲಿ ಯಾರಿಗೂ ತಿಳೀತಿಲ್ಲ. ತಮ್ಮ ಬೆಂಗಳೂರಲ್ಲಿದಾನೆ, "ಅಕ್ಕ ನಂಗೆ ಬೇಡ ಮಾರಾಯ್ತಿ, ಅಪಾರ್ಟ್‌ಮೆಂಟಲ್ಲಿ ಎಲ್ಲಿ ಇಟ್ಕೊಳ್ಳಲಿ" ಅಂದ. ಅಮ್ಮ ಮಾತ್ರ ಅದು ಮನೆ ಬಿಟ್ಟು ಹೋಗಬಾರದು ಅಂತಾಳೆ.

ಕೋವಿ ಸ್ಥಿತಿ ಹೇಳ್ತೀನಿ ಕೇಳಿ. ಹಿಡಿ ಹತ್ರ ಮರ ಸೀಳಿ ಅಜ್ಜ ತಾಮ್ರದ ತಂತಿ ಸುತ್ತಿದ್ದು ಹಾಗೇ ಇದೆ, ಎಡಗಡೆ ಕುದುರೆ (ಈಡು ಹಾರಿಸೋಕೆ ಹಿಂದಕ್ಕೆ ಎಳೆಯೋ ಸುತ್ತಿಗೆ) ಎಳೆದ್ರೆ ನಿಲ್ಲಲ್ಲ, ಕೈ ಬಿಟ್ಟ ಕೂಡ್ಲೇ ಬಿದ್ದು ಹೋಗತ್ತೆ, ನಳಿಗೆ ಮೇಲೆ ಹಾವಿನ ಮೈ ತರ ಸುರುಳಿ ಸುರುಳಿ ಗೆರೆ. ಅಪ್ಪ ಇದ್ದಾಗ ಒಂದ್ಸಲ ಶಿವಮೊಗ್ಗದಲ್ಲಿ ಕೋವಿ ರಿಪೇರಿ ಮಾಡೋರಿಗೆ ತೋರಿಸಿದ್ವಿ, ಅವರು ನಳಿಗೆನ ಕಿಟಕಿ ಕಡೆ ಹಿಡಿದು ನೋಡಿ ನಂಗೂ ತೋರಿಸಿದ್ರು, ಒಳಗೆಲ್ಲ ತುಕ್ಕು ತಿಂದ ಗುಂಡಿಗಳು. ಆ ಗೆರೆ ಏನಂದ್ರೆ ಕಬ್ಬಿಣ ಉಕ್ಕಿನ ಪಟ್ಟಿಗಳನ್ನ ಹೆಣೆದು ಸುತ್ತಿ ಬಡಿದು ಮಾಡಿದ ಡಮಾಸ್ಕಸ್ ನಳಿಗೆಯಂತೆ, ಕರಿ ಮದ್ದಿನ ಕಾಲದ್ದು, ಈಗಿನ ತೋಟಾದ (ಕಾಡತೂಸಿನ) ಒತ್ತಡ ತಡೆಯೋಕೆ ಮಾಡಿದ್ದಲ್ಲ, ಅದ್ರಲ್ಲೂ ಹೀಗೆ ತುಕ್ಕು ಹಿಡಿದಿದ್ದಾದ್ರೆ ಒಡೆದು ಎಡಗೈ ಬೆರಳು ಹೋಗಬಹುದು, ಮತ್ತೆ ಈಡು ಹೊಡೆಯೋ ಯೋಚನೆನೇ ಬೇಡ ಅಂದ್ರು. ಅಪ್ಪ ಆಮೇಲೆ ಮಂಗ ಓಡಿಸೋಕೆ ಗರ್ನಾಲು ಹಚ್ಚೋಕೆ ಶುರು ಮಾಡಿದ್ರು.

ಹೊಡೆಯೋಕೆ ಬಾರದಿದ್ರೂ ಚುನಾವಣೆ ಬಂದ್ರೆ ಬಿಡಂಗಿಲ್ಲ. 2023ರ ವಿಧಾನಸಭೆಗೊಂದ್ಸಲ, 2024ರ ಲೋಕಸಭೆಗೊಂದ್ಸಲ, ಅಪ್ಪ ಅದನ್ನ ಗೋಣಿಚೀಲದಲ್ಲಿ ಸುತ್ತಿ ಜೀಪಲ್ಲಿ ಠಾಣೆಗೆ ಒಯ್ದು ಇಟ್ಟು ಬಂದ್ರು. ಯಾರ ಕೋವಿ ಇಡಿಸ್ಕೊಬೇಕು ಅಂತ ಒಬ್ಬೊಬ್ಬರದ್ದೇ ನೋಡಿ ತೀರ್ಮಾನ ಮಾಡೋಕೆ ಜಿಲ್ಲೆಗೊಂದು ಸ್ಕ್ರೀನಿಂಗ್ ಕಮಿಟಿ ಇರಬೇಕು ಅಂತ ಚುನಾವಣಾ ಆಯೋಗವೇ ಹೇಳಿದೆ, ಆದ್ರೆ ನಮ್ಮೂರಲ್ಲಿ ಎಲ್ಲರಿಗೂ ಒಂದೇ ಫೋನು, ತಂದಿಡಿ ಅಂತ. ವಾಪಸ್ ಬಂದಾಗ ಇನ್ನಷ್ಟು ತುಕ್ಕು. (ಕೊಡಗಲ್ಲಿ ಕೊಡವರಿಗೆ, ಜಮ್ಮಾ ಅನ್ನೋ ವಂಶಪಾರಂಪರ್ಯದ ಭೂಮಿ ಹಿಡುವಳಿದಾರರಿಗೆ 2029ರ ತನಕ ಲೈಸೆನ್ಸೇ ಬೇಡ ಅನ್ನೋ ವಿನಾಯಿತಿ ಇದೆ, ಕೈಲ್ ಪೊಳ್ದ್ ಹಬ್ಬದ ದಿನ ಕೋವಿಗೆ ಹೂವಿಟ್ಟು ಪೂಜೆ ಮಾಡ್ತಾರೆ, ನಾವು ಮಲೆನಾಡಿನವ್ರಿಗೆ ಆ ಭಾಗ್ಯ ಇಲ್ಲ ಬಿಡಿ.)

ಅಪ್ಪ ಹೋದ್ಮೇಲೆ ಅವರ ಲೈಸೆನ್ಸೂ ಹೋಯ್ತು. ಕೋವಿ ಮನೇಲಿ ಇಟ್ಕೊಂಡ್ರೆ ಕೇಸು, ಅದಕ್ಕೆ ಹದಿನೈದನೇ ದಿನಕ್ಕೇ ಠಾಣೆಗೆ ಒಪ್ಪಿಸಿ ರಸೀದಿ ತಗೊಂಡೆ. ಎಷ್ಟೋ ಮನೇಲಿ ಅಟ್ಟದ ಮೇಲೆ ಸುಮ್ನೆ ಬಚ್ಚಿಟ್ಟಿದಾರೆ, ಗೊತ್ತಿದೆ, ದಯವಿಟ್ಟು ಹಾಗೆ ಮಾಡ್ಬೇಡಿ, ಮಕ್ಕಳ ಕೈಗೆ ಸಿಗೋದೂ ಅದೇ ಅಟ್ಟದಲ್ಲೇ. ಈಗ ನನ್ನ ಹೆಸರಿಗೆ ಬೇಕಂದ್ರೆ ವಾರಸುದಾರಳು ಅಂತ ಅರ್ಜಿ ಹಾಕಬೇಕು, ತಮ್ಮನ ಒಪ್ಪಿಗೆ ಪತ್ರ ಬೇಕು, ಪೊಲೀಸ್ ವರದಿ ಬೇಕು, ಜೊತೆಗೆ ಕೋವಿ ಸುರಕ್ಷಿತವಾಗಿ ಬಳಸೋ ತರಬೇತಿ ಸರ್ಟಿಫಿಕೇಟ್ ಬೇರೆ! ಕುದುರೆನೇ ನಿಲ್ಲದ ಕೋವಿಗೆ ಗುರಿ ಹೊಡೆಯೋ ಕ್ಲಾಸಿಗೆ ಹೋಗ್ಬೇಕಾ ನಾನು? ಮಾರೋಣ ಅಂತ ಡೀಲರ್ ಹತ್ರ ವಿಚಾರಿಸಿದ್ರೆ ಇದನ್ನ ಯಾರ್ ತಗೊಳ್ತಾರಮ್ಮ, ಸರ್ಕಾರಕ್ಕೆ ಕೊಟ್ಟುಬಿಡಿ ಅಂದ್ರು. ಕೊಟ್ರೆ ಕೊನೆಗೆ ಕರಗಿಸಿ ಹಾಕ್ತಾರೆ ಅಷ್ಟೆ.

1959ರ ಶಸ್ತ್ರಾಸ್ತ್ರ ಕಾಯ್ದೆನ ಮಗನ ಮೊಬೈಲಲ್ಲಿ ಕೂತು ಓದಿದೆ. 45ನೇ ಕಲಂ ಪ್ರಕಾರ ಹಳೇ ಮಾದರಿಯದ್ದೋ, ಪ್ರಾಚೀನ ಅಂತ ಬೆಲೆ ಇರೋದೋ, ಕೆಟ್ಟು ಹೋಗಿರೋದೋ ಆಗಿದ್ದು ರಿಪೇರಿ ಮಾಡಿಸಿದ್ರೂ ಈಡಾಗಲ್ಲ ಅಂದ್ರೆ ಅಂಥದ್ದಕ್ಕೆ ಈ ಕಾಯ್ದೆನೇ ತಗಲಲ್ಲ. ಆಹಾ ದಾರಿ ಸಿಕ್ತು ಅಂತ ಒಂದು ಆಫೀಸಿಗೆ ಹೋದೆ, ರಿಪೇರಿ ಆಗಲ್ಲ ಅಂತ ಬರ್ಕೊಡೋದು ಯಾರು ಅಂತ ಕೇಳಿದೆ. ಅವರು ಇನ್ನೊಂದು ಟೇಬಲ್ ತೋರಿಸಿದ್ರು, ಆ ಟೇಬಲ್ಲವರು ಮೊದಲನೇ ಟೇಬಲ್ ತೋರಿಸಿದ್ರು. ನಾವೇ ಕುಲುಮೆಗೆ ಒಯ್ದು ನಳಿಗೆ ಮುಚ್ಚಿಸೋಣ ಅಂದ್ರೆ ಕೋವಿ ಕೆಲಸ ಲೈಸೆನ್ಸ್ ಇರೋರೇ ಮಾಡ್ಬೇಕು.

ನಾನು ಕೇಳೋದು ಇಷ್ಟೇ. ವರ್ಷಕ್ಕೊಂದು ದಿನ ತಾಲ್ಲೂಕು ಠಾಣೆಲಿ ಒಬ್ಬ ಅಧಿಕಾರಿ, ಒಬ್ಬ ಲೈಸೆನ್ಸ್ ಇರೋ ರಿಪೇರಿಯವರು ಕೂತು ಇಂಥ ಸತ್ತ ಕೋವಿಗಳ ನಳಿಗೆ ಮುಚ್ಚಿ ವೆಲ್ಡ್ ಮಾಡಿ, ಒಂದು ಕಾಗದಕ್ಕೆ ಸೀಲ್ ಹೊಡೆದು ಮನೆಯವ್ರಿಗೆ ವಾಪಸ್ ಕೊಡ್ಲಿ, ಖರ್ಚು ನಾವೇ ಕೊಡ್ತೀವಿ. ಪೊಲೀಸರಿಗೂ ಕಾಯೋ ಕೆಲಸ ಕಮ್ಮಿ ಆಗತ್ತೆ.

ಈ ಸಲ ಆಯುಧ ಪೂಜೆಗೆ ಕತ್ತಿ, ಗುದ್ದಲಿ, ಔಷಧಿ ಹೊಡೆಯೋ ಪಂಪು ಎಲ್ಲ ಸಾಲಾಗಿಟ್ಟಾಗ ಅಮ್ಮ ಠಾಣೆ ರಸೀದಿನೂ ತಂದಿಟ್ಟು ಕುಂಕುಮ ಹಚ್ಚಿದ್ಲು. ನಂಬರ್ ಮೇಲೇ ಹಚ್ಚಿದಾಳೆ, ಈಗ ಸರಿಯಾಗಿ ಓದೋಕಾಗಲ್ಲ.

ಇತಿ ನಿಮ್ಮ ಓದುಗಳು,
ಕೊಪ್ಪ ತಾಲ್ಲೂಕು