ವಾರ್ಡ್ ಕಾಣಿಸುವ ಹಾಗೆ ಬರಿ, ಮಾರಾಯ

ಪ್ರಿಯ ಗೆಳೆಯಾ,

ನರ್ಸಿಂಗ್ ಮ್ಯಾನೇಜ್‌ಮೆಂಟ್ ಪುಸ್ತಕಕ್ಕೆ ಲೀಡರ್‌ಶಿಪ್ ಅಧ್ಯಾಯ ಬರೆದುಕೊಡಲು ನೀನು ಒಪ್ಪಿಕೊಂಡೆ ಎಂದು ಕೇಳಿ ತುಂಬ ಖುಷಿಯಾಯಿತು. ಫೋನಿನಲ್ಲಿ ಹೇಳಿ ಮುಗಿಯುವ ವಿಷಯ ಅಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ಹಾಗೆ ಪಾಠ ಮಾಡುವ ಬೇರೆಯವರೂ ಓದಲಿ ಎಂದು ಎಲ್ಲರಿಗೂ ಕಾಣುವಂತೆ ಹಾಕಿದ್ದೇನೆ.

ಮೊನ್ನೆ ಭಾನುವಾರ ಅಕ್ಕನ ಮಗಳು ಉಡುಪಿಗೆ ಬಂದಿದ್ದಳು. ಮಂಗಳೂರಿನಲ್ಲಿ ಬಿಎಸ್‌ಸಿ ನರ್ಸಿಂಗ್, ಈಗ ಆರನೇ ಸೆಮಿಸ್ಟರ್. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಜಗಲಿಯಲ್ಲಿ ಕೂತು ಇದೇ ವಿಷಯದ ಇಂಗ್ಲಿಷ್ ಪುಸ್ತಕ ಗಟ್ಟಿಯಾಗಿ ಓದುತ್ತಿದ್ದಳು. ಒಂದು ವಾಕ್ಯ ಮುಗಿಯುವುದೇ ಇಲ್ಲ. ಪುಸ್ತಕ ತೆಗೆದುಕೊಂಡು ಎಣಿಸಿದೆ, 47 ಪದ. "ಅರ್ಥ ಆಯ್ತಾ?" ಎಂದೆ. "ಇಲ್ಲ ಚಿಕ್ಕಮ್ಮ. ಆದರೆ ಬಾಯಿಪಾಠ ಬರುತ್ತದೆ" ಎಂದಳು.

ಬರುತ್ತಿತ್ತು ಕೂಡ. ಮ್ಯಾನೇಜ್‌ಮೆಂಟ್ ಬಗ್ಗೆ ಫಯೋಲ್ ಹೇಳಿದ 14 ತತ್ವಗಳು, ಮ್ಯಾನೇಜರ್ ಮಾಡಬೇಕಾದ ಕೆಲಸಗಳ ಮೊದಲಕ್ಷರ ಸೇರಿಸಿ ಗುಲಿಕ್ 1937ರಲ್ಲಿ ಕೊಟ್ಟ ಪೋಸ್ಡ್‌ಕಾರ್ಬ್, ಎಲ್ಲ ಸರಸರನೆ ಹೇಳಿದಳು. ನಾನು ಒಂದು ಖಾಲಿ ಹಾಳೆ ಕೊಟ್ಟೆ. "ನಮ್ಮ ವಾರ್ಡಿಗೆ ಬೆಳಿಗ್ಗೆ 4 ಸ್ಟಾಫ್ ನರ್ಸ್, ಮಧ್ಯಾಹ್ನ 3, ರಾತ್ರಿ 3 ಬೇಕು. ಒಬ್ಬೊಬ್ಬರಿಗೆ ವಾರಕ್ಕೊಂದು ರಜೆ. ಒಟ್ಟು ಎಷ್ಟು ಜನ ಬೇಕು?" ಪೆನ್ನು ಹಿಡಿದು ಕೂತೇ ಇದ್ದಳು. ಕೊನೆಗೆ "ಹತ್ತು" ಎಂದಳು.

ಹತ್ತಲ್ಲ ಅಲ್ವಾ? ದಿನಕ್ಕೆ 10 ಡ್ಯೂಟಿ, ವಾರಕ್ಕೆ 70. ಒಬ್ಬರು ವಾರದಲ್ಲಿ 6 ಡ್ಯೂಟಿ ಮಾಡಿದರೆ 12 ಜನ ಬೇಕು. ಅದೂ ಯಾರಿಗೂ ಜ್ವರ ಬರದೆ, ಯಾರೂ ಹೆರಿಗೆ ರಜೆ ಹಾಕದೆ, ಯಾರ ಮನೆಯಲ್ಲೂ ಮದುವೆ ಇಲ್ಲದೆ ಇದ್ದರೆ. ರಜೆಗೆಂದು ಶೇಕಡ 30 ಸೇರಿಸಿದರೆ 16 ಆಗುತ್ತದೆ. ಇಷ್ಟು ಲೆಕ್ಕ ಮಾಡಿ ತೋರಿಸಿದ್ದಕ್ಕೆ ಅವಳ ಮುಖ ಅರಳಿದ್ದು ನೋಡಬೇಕಿತ್ತು ನೀನು. ಅವಳ ಪುಸ್ತಕದಲ್ಲಿ ಸ್ಟಾಫಿಂಗ್ ಬಗ್ಗೆ ಒಂಬತ್ತು ಪುಟ ಇದೆ. ಇಂಥ ಒಂದು ಲೆಕ್ಕವೂ ಇಲ್ಲ. ಒಂದು ಸ್ಟಾಫಿಗೆ ಮೂರು ರೋಗಿ, ಐದು ರೋಗಿ ಎಂದು ಅನುಪಾತ ಅಚ್ಚು ಮಾಡಿದ್ದಾರೆ. ಅದು ಒಂದು ಶಿಫ್ಟಿಗೋ, ಇಡೀ ದಿನಕ್ಕೋ? ಬರೆದಿಲ್ಲ. ಹುಡುಗಿ ಅದನ್ನು ಪ್ರತಿ ಶಿಫ್ಟಿಗೆ ಎಂದುಕೊಂಡಿದ್ದಾಳೆ. ನಾಳೆ ವಾರ್ಡಿಗೆ ಬಂದು ಒಬ್ಬಳೇ ಇಪ್ಪತ್ತು ರೋಗಿಗಳನ್ನು ನೋಡುವಾಗ ಅವಳಿಗೆ ಏನನ್ನಿಸಬೇಕು?

ಭಾರತೀಯ ನರ್ಸಿಂಗ್ ಕೌನ್ಸಿಲ್ 2021ರಲ್ಲಿ ತಂದ ಸೆಮಿಸ್ಟರ್ ಸಿಲಬಸ್‌ನಲ್ಲಿ ನರ್ಸಿಂಗ್ ಮ್ಯಾನೇಜ್‌ಮೆಂಟ್ ವಿಷಯಕ್ಕೆ ಥಿಯರಿ 60 ಗಂಟೆ, ಪ್ರಾಕ್ಟಿಕಲ್ 80 ಗಂಟೆ ಇಟ್ಟಿದ್ದಾರೆ. ಕ್ಲಾಸಿಗಿಂತ ವಾರ್ಡಿನಲ್ಲಿ ಜಾಸ್ತಿ ಹೊತ್ತು. ಪುಸ್ತಕವೂ ಅದೇ ದಾರಿಯಲ್ಲಿ ಹೋಗಬೇಕಿತ್ತು.

ಲೀಡರ್‌ಶಿಪ್ ಶೈಲಿಗಳು ಮೂರು ಎಂದು ನಾವೂ ಬರೆದು ಪಾಸಾದೆವು: ಗದರಿಸಿ ಮಾಡಿಸುವುದು, ಒಟ್ಟಿಗೆ ಕೂತು ತೀರ್ಮಾನಿಸುವುದು, ಅವರವರ ಪಾಡಿಗೆ ಬಿಟ್ಟುಬಿಡುವುದು. ಮೂರು ಡಬ್ಬಿ, ಒಂದೊಂದರ ಕೆಳಗೆ ಗುಣ, ದೋಷ. ಅದು ಎಲ್ಲಿಂದ ಬಂತು ಎಂದು ನಮಗೆ ಯಾರೂ ಹೇಳಲಿಲ್ಲ. ಮನಶ್ಶಾಸ್ತ್ರಜ್ಞ ಕರ್ಟ್ ಲೆವಿನ್ ಮತ್ತು ಜೊತೆಗಾರರು ಅಮೆರಿಕದ ಅಯೋವಾದಲ್ಲಿ ಹತ್ತು ವರ್ಷದ ಹುಡುಗರ ಗುಂಪುಗಳನ್ನು ಮಾಡಿ, ಅವರಿಂದ ಮುಖವಾಡ ಮಾಡಿಸುವಂಥ ಕೆಲಸ ಕೊಟ್ಟು ನೋಡಿದ್ದು ಅದು. 1939ರಲ್ಲಿ ಪ್ರಕಟವಾಯಿತು. ಗದರಿಸಿ ಕೆಲಸ ಮಾಡಿಸುವ ಲೀಡರ್ ಕೋಣೆಯಿಂದ ಹೊರಗೆ ಹೋದ ಕೂಡಲೇ ಹುಡುಗರ ಕೆಲಸ ಬಿದ್ದುಹೋಯಿತು. ಕೂತು ಮಾತಾಡಿ ಒಟ್ಟಿಗೆ ತೀರ್ಮಾನ ಮಾಡಿದ ಗುಂಪು ಮಾತ್ರ ಲೀಡರ್ ಇಲ್ಲದಾಗಲೂ ಹೆಚ್ಚುಕಮ್ಮಿ ಹಾಗೇ ಮುಂದುವರಿಸಿತು. ಈ ಕಥೆಯನ್ನು ಒಂದು ಪುಟದಲ್ಲಿ ಹೇಳು. ಆಮೇಲೆ ಓದುವ ನರ್ಸಿಂಗ್ ವಿದ್ಯಾರ್ಥಿಗಳನ್ನು ಕೇಳು: ಇನ್‌ಚಾರ್ಜ್ ಸಿಸ್ಟರ್ ಸಂಜೆ ಮನೆಗೆ ಹೋದ ಮೇಲೆ ನಿಮ್ಮ ವಾರ್ಡ್ ಹೇಗಿರುತ್ತದೆ? ಪ್ರತಿಯೊಬ್ಬರ ಹತ್ತಿರವೂ ಉತ್ತರ ಇರುತ್ತದೆ.

ಆಧುನಿಕ ನರ್ಸಿಂಗ್‌ಗೆ ಬುನಾದಿ ಹಾಕಿದ ಫ್ಲಾರೆನ್ಸ್ ನೈಟಿಂಗೇಲ್ ಕೂಡ 1859ರಲ್ಲಿ ಬರೆದ ನರ್ಸಿಂಗ್ ಪುಸ್ತಕದಲ್ಲಿ ಇದನ್ನೇ ಹೇಳಿದ್ದಾರೆ. ನೀವು ಇರುವಾಗ ನಡೆಯುವ ಕೆಲಸ ನೀವಿಲ್ಲದಾಗಲೂ ನಡೆಯುವ ಹಾಗೆ ನೋಡಿಕೊಳ್ಳದಿದ್ದರೆ, ಒಳ್ಳೆಯ ಶುಶ್ರೂಷೆಯೆಲ್ಲ ಹಾಳಾಗಬಹುದು ಎಂದು. ಅದಕ್ಕೆಂದೇ ಒಂದು ಅಧ್ಯಾಯ ಇಟ್ಟಿದ್ದಾರೆ. ನನಗೆ ಇದು ಕಷ್ಟಪಟ್ಟೇ ತಿಳಿದದ್ದು. ಕೆಲಸಕ್ಕೆ ಸೇರಿದ ಮೊದಲ ವರ್ಷ, ಒಂದು ಆಸ್ಪತ್ರೆಯಲ್ಲಿ ನೈಟ್ ಡ್ಯೂಟಿ. ಕಫ ಕಟ್ಟಿ ಒದ್ದಾಡುತ್ತಿದ್ದ ಅಜ್ಜನಿಗೆ ಸಕ್ಷನ್, ಅಂದರೆ ಮೆಷಿನ್‌ನಿಂದ ಕಫ ಎಳೆದು ತೆಗೆಯುವುದು, ಬೇಕಾಯಿತು. ಮೆಷಿನ್ ಎಳೆಯುವುದೇ ಇಲ್ಲ. ಪಕ್ಕದ ವಾರ್ಡಿಗೆ ಓಡಿ ಇನ್ನೊಂದನ್ನು ತಂದೆ, ಅಜ್ಜ ಉಳಿದರು. ಬೆಳಿಗ್ಗೆ ವಿಚಾರಿಸಿದರೆ ಎಲ್ಲರೂ "ಅದನ್ನು ಅವರು ಚೆಕ್ ಮಾಡುತ್ತಾರೆ ಎಂದುಕೊಂಡಿದ್ದೆ" ಎಂದರು. ಯಾರ ಹೆಸರಿಗೂ ಆ ಕೆಲಸ ಬರೆದಿರಲೇ ಇಲ್ಲ. ಡೆಲಿಗೇಶನ್, ಅಂದರೆ ಕೆಲಸ ಹಂಚಿ ಒಪ್ಪಿಸುವುದರ ಬಗ್ಗೆ ನಾನು ಪರೀಕ್ಷೆಯಲ್ಲಿ ಹತ್ತಕ್ಕೆ ಎಂಟು ತೆಗೆದಿದ್ದೆ.

ಭಾಷೆಯ ವಿಷಯ ಇನ್ನೊಂದಿದೆ. ರೆಸ್ಪಾನ್ಸಿಬಿಲಿಟಿ, ಅಕೌಂಟಬಿಲಿಟಿ ಎರಡನ್ನೂ ನಮ್ಮ ಮಕ್ಕಳು ಮನಸ್ಸಿನಲ್ಲಿ 'ಜವಾಬ್ದಾರಿ' ಎಂದೇ ಓದುತ್ತಾರೆ. ವ್ಯತ್ಯಾಸ ಅಲ್ಲಿಗೇ ಕಳೆದುಹೋಯಿತು. ಸ್ಟೂಡೆಂಟ್‌ಗೆ ಬಿಪಿ ನೋಡಲು ಹೇಳಿದರೆ ನೋಡಬೇಕಾದವಳು ಅವಳು. ನೋಡಿಲ್ಲ ಎಂದಾದರೆ ಡಾಕ್ಟರಿಗೆ ಉತ್ತರ ಹೇಳಬೇಕಾದವಳು ನಾನು. ಎರಡು ಸಾಲು ಸಾಕಲ್ಲ? ನಿನ್ನ ಪುಸ್ತಕ ಇಂಗ್ಲಿಷಿನಲ್ಲೇ ಇರಲಿ, ಪರೀಕ್ಷೆ ಅದರಲ್ಲೇ ಇದೆ. ಕಷ್ಟದ ಪದಗಳಿಗೆ ಮಾತ್ರ ಕನ್ನಡದಲ್ಲಿ ಇಂಥ ಎರಡು ಸಾಲು ಕೊಡು. ವಾಕ್ಯಗಳು ಚಿಕ್ಕದಿರಲಿ. ಆದರೆ ಬರೀ ಉದ್ದ ಕತ್ತರಿಸಿದರೆ ಆಗುವುದಿಲ್ಲ. ಓದಲು ಎಷ್ಟು ಸುಲಭ ಎಂದು ಅಳೆಯಲು ಫ್ಲೆಶ್ ಎಂಬವರು 1948ರಲ್ಲಿ ಮಾಡಿದ ಸೂತ್ರ ವಾಕ್ಯಕ್ಕೆ ಎಷ್ಟು ಪದ, ಪದಕ್ಕೆ ಎಷ್ಟು ಉಚ್ಚಾರದ ತುಂಡು (ಸಿಲಬಲ್) ಎಂದು ಎಣಿಸುತ್ತದೆ, ಅಷ್ಟೇ. ಒಳಗೆ ಉದಾಹರಣೆ ಇದೆಯಾ ಎಂದು ನೋಡುವುದಿಲ್ಲ.

ಉದಾಹರಣೆ ನಮ್ಮ ಊರಿನದ್ದೇ ಕೊಡು, ಮಾರಾಯ. ಮಳೆಗಾಲದಲ್ಲಿ ಡೆಂಗಿ, ಇಲಿಜ್ವರ, ಮಂಗಳೂರಿನಲ್ಲಾದರೆ ಮಲೇರಿಯಾ. ಬೆಡ್ ಎಲ್ಲ ತುಂಬಿದ ಮೇಲೂ ಅಡ್ಮಿಶನ್ ಬರುತ್ತದೆ. ತುಳು ಬಿಟ್ಟು ಬೇರೆ ಬಾರದ ಅಜ್ಜಿ, ಕೇರಳದಿಂದ ಬಂದ ಹೊಸ ಸ್ಟಾಫ್, ಒಂದು ಬೆಡ್ಡಿಗೆ ಮೂರು ಜನ ಮನೆಯವರು. ಆ ರಾತ್ರಿ ಯಾರಿಗೆ ಯಾವ ಕೆಲಸ ಹಂಚುತ್ತೀ ಎಂದು ಕೇಳು.

ಮುಂದಿನ ತಿಂಗಳು ಊರಿಗೆ ಬರುವಾಗ ಬರೆದಷ್ಟನ್ನು ಪ್ರಿಂಟ್ ತೆಗೆಸಿಕೊಂಡು ಬಾ. ನಾನು ಓದುವುದು ಆಮೇಲೆ. ಮೊದಲು ಅಕ್ಕನ ಮಗಳ ಕೈಗೆ ಕೊಡೋಣ, ಜೊತೆಗೆ ಒಂದು ಪೆನ್ಸಿಲ್. ಅರ್ಥ ಆಗದ ಕಡೆಯೆಲ್ಲ ಗೆರೆ ಹಾಕಲು ಹೇಳಿದ್ದೇನೆ. ಒಪ್ಪಿಕೊಂಡಿದ್ದಾಳೆ.

ನಿನ್ನ ಗೆಳತಿ,
ಉಡುಪಿಯಿಂದ