ಬಣಿವಿಗೆ ಬೆಂಕಿ ಬಿದ್ರ ಯಾರರ ಸುಮ್ಮನ ನಿಂದರ್ತಾರೇನು?

ತಂಗಿ,

ನೀ ಕಳಿಸಿದ ಬರಹ ಓದಿದೆ. ಬಾಗಲಕೋಟಿ ನವನಗರದಾಗ, ಮುಳುಗಡಿ ಆದವರ ಹೊಸ ಊರಾಗ, ನಿಮ್ಮ ಗೆಳ್ಯಾರು ಸೇರಿ ರಷ್ಯಾದ ಡೈರೆಕ್ಟರ್ ತಾರ್ಕೋವ್‌ಸ್ಕಿಯ ‘ಮಿರರ್’ ಸಿನಿಮಾ ತೋರ್ಸಿದ್ದು, ಬಂದ ಮಂದ್ಯಾಗ ಭಾಳ ಜನ ನಡುವs ಎದ್ದು ಹೋಗಿದ್ದು, ಉಳದವರು ಹೊರಗ ನಿಂತು ಚಾ ಕುಡಕೋತ ಮಾತಾಡಿದ್ದು, ಎಲ್ಲಾ ಬರದಿ, ಚಲೋ ಆತು. ಆದ್ರ ಮೊದಲಿನ ಪ್ಯಾರಾ ಅಷ್ಟೂ ತಗದು ಹಾಕವಾ. ಅದ್ರಾಗ ಕಾಲ, ಸ್ಮೃತಿ, ಪ್ರಜ್ಞೆ ಅಂತ ದೊಡ್ಡ ದೊಡ್ಡ ಶಬ್ದ ಅದಾವು, ನಮ್ಮೂರ ಮಂದಿ ಒಬ್ರೂ ಇಲ್ಲ. ಅದಾದ ಮ್ಯಾಲ ಬರೋ ಆ ಲೈನ್, ‘ಸಾಮಾನ್ಯ ಪ್ರೇಕ್ಷಕರಿಗೆ ಇಂಥ ಸಿನಿಮಾ ದಕ್ಕುವುದಿಲ್ಲ’, ಇದನ್ನ ಯಾವ ಪುಸ್ತಕದಾಗ ಓದಿದ್ಯೋ ಏನೋ, ನಿನ್ನ ಬರಹನs ಅದನ್ನ ಸುಳ್ಳು ಮಾಡ್ತೈತಿ ನೋಡು.

ಯಾಕಂದ್ರ ಅದ್ರಾಗ ಎಲ್ಲಾಕ್ಕಿಂತ ಛಲೋ ಮಾತು ಸಿನಿಮಾ ನೋಡಾಕ ಬಂದಿದ್ದ ಆ ಅಜ್ಜಂದು, ನೀ ಅದನ್ನ ಕಡೀಗಿ ನಗಸಾಕ ಅಂತ ಇಟ್ಟಿ. ‘ಬಣಿವಿಗೆ ಬೆಂಕಿ ಬಿದ್ರ ಯಾರರ ಹಂಗ ಸುಮ್ಮನ ನಿಂದರ್ತಾರೇನು?’ ಅಂದ ಅಲ್ಲಾ ಅಂವ. ‘ಮಿರರ್’ ಅಂದ್ರ ಒಬ್ಬಾವ ತನ್ನ ಬಾಲ್ಯ ನೆನಸೋ ಸಿನಿಮಾ, ಅದ್ರಾಗಿನ ಆ ಬೆಂಕಿ ದೃಶ್ಯ ಈಗ ಮತ್ತ ನೋಡು. ಹುಲ್ಲು ತುಂಬಿದ ಕೊಟ್ಟಿಗಿ ಉರೀತಿರ್ತೈತಿ, ಸೂರಿನಿಂದ ಮಳಿ ನೀರು ತೊಟ್ಟಿಕ್ಕತಿರ್ತೈತಿ, ಮನಿಯವರು ಹೊರಗ ಬಂದು ನೋಡ್ಕೋತ ನಿಂತಾರ, ತಾಯಿ ಹೋಗಿ ಬಾವಿ ಕಟ್ಟಿಗೆ ಕುಂದರ್ತಾಳ. ಕೊಡ ಹಿಡಕೊಂಡು ಓಡೂ ಮಂದಿ ಕಾಣಂಗಿಲ್ಲ. ಹೊಲದಾಗ ದುಡದವಗ ಬಣಿವಿ ಅಂದ್ರ ಎತ್ತಿನ ವರ್ಷದ ಮೇವು, ಅಂವಗ ಸಿಟ್ಟು ಬಂದಿದ್ದು ಬರೋಬ್ಬರಿ ಐತಿ. ಆದ್ರ ಆ ಬೆಂಕಿ ನೋಡಾಕತ್ತಿದ್ದು ಯಾರು ಹೇಳು, ಒಂದು ಕೂಸು. ಕೂಸಿಗೆ ಮೇವಿನ ಲೆಕ್ಕ ಗೊತ್ತಿರಂಗಿಲ್ಲ, ನಷ್ಟ ಗೊತ್ತಿರಂಗಿಲ್ಲ, ಬೆಳಕು ಅಷ್ಟ ನೆನಪು ಉಳೀತೈತಿ, ದೊಡ್ಡವರ ಬೆನ್ನು ಉಳೀತೈತಿ. ಆ ಅಜ್ಜ ತಪ್ಪು ಹುಡುಕಾಕ ಹೋಗಿ ಸಿನಿಮಾದ ನಡುಮಧ್ಯ ಕೈ ಇಟ್ಟಾನ, ನಿನ್ನ ‘ಪ್ರಜ್ಞೆ’ ಪ್ಯಾರಾ ಅಲ್ಲಿ ಮಟ ಮುಟ್ಟೇ ಇಲ್ಲ. ನಾ ಆಗಿದ್ರ ಬರಹ ಅಲ್ಲಿಂದನs ಶುರು ಮಾಡ್ತಿದ್ದೆ.

ಎದ್ದು ಹೋದವರ ಬಗ್ಗೆ ನಿನ್ನ ದನಿ ಸ್ವಲ್ಪ ಸೊಕ್ಕಿಂದೈತಿ, ಬೇಜಾರ ಮಾಡ್ಕೋಬ್ಯಾಡ, ಇದ್ದದ್ದು ಹೇಳಿದೆ. 1975ರಾಗ ಈ ಸಿನಿಮಾ ಬಂದಾಗ ಅವರ ಸೋವಿಯತ್ ದೇಶದಾಗೂ ಹಿಂಗs ಆಗಿತ್ತು. ಅಲ್ಲಿನ ಅಧಿಕಾರಿಗಳಿಗೆ ಬ್ಯಾಡಾಗಿತ್ತು, ಭಾಳ ಥಿಯೇಟರಿಗೆ ಬಿಡ್ಲಿಲ್ಲ. ನೋಡಿದ ಮಂದಿ ಡೈರೆಕ್ಟರಿಗೆ ಪತ್ರ ಬರದ್ರು. ಲೆನಿನ್‌ಗ್ರಾಡಿನ ಒಬ್ಬಾಕಿ ಇಂಜಿನಿಯರು, ಅರ್ಧಾ ತಾಸಿಗೆ ತಲಿನೋವು ಶುರು ಆತು, ಅರ್ಥ ಮಾಡ್ಕೋಬೇಕಂತ ಅಷ್ಟು ಒದ್ದಾಡಿದ್ರೂ ಏನೂ ಆಗ್ಲಿಲ್ಲ ಅಂತ ಬರದ್ಲು. ಗೋರ್ಕಿ ಊರಿನ ಇನ್ನೊಬ್ಬಾಕಿ ಬರದಿದ್ದು, ನನ್ನ ಬಾಲ್ಯ ಹಿಂಗs ಇತ್ತು, ಆ ಗಾಳಿ, ಆ ಮಳಿ ಎಲ್ಲಾ, ನಿಮಗ ಹೆಂಗ ಗೊತ್ತಾತು ಅಂತ. ಡೈರೆಕ್ಟರು ತನ್ನ ಪುಸ್ತಕದಾಗ ಎರಡೂ ಥರದ ಪತ್ರ ಹಾಕ್ಯಾನ, ಅದೂ ಶುರುವಿಗೇ, ಬೈದದ್ದನ್ನ ಬಚ್ಚಿಡ್ಲಿಲ್ಲ. ತಲಿನೋವು ಬಂದಾಕಿ ಕಡೀ ಮಟ ಕುಂತು ನೋಡಿ, ಮನಿಗೆ ಹೋಗಿ, ಕಾಗದ ತಗೊಂಡು ಬರದಾಳ ಅಂದ್ರ ಆ ಸಿನಿಮಾ ಆಕಿನ್ನ ಸುಮ್ಮನ ಬಿಟ್ಟಿಲ್ಲಂತs ಅರ್ಥ. ಹಂಗಂತ ಎದ್ದು ಹೋದವರೆಲ್ಲಾ ಒಳಗೊಳಗ ಮೆಚ್ಚಿದ್ರು ಅಂತ ಬರೀಬ್ಯಾಡ ಮತ್ತ, ಕೆಲವ್ರಿಗೆ ಖರೇನ ಬೋರ್ ಆಗಿರ್ತೈತಿ, ಬೋರ್ ಆತು ಅಂತನs ಬರಿ.

ಮತ್ತ ಒಂದಿಷ್ಟು ಗೊಂದಲ ನಿಮ್ಮಿಂದನs ಆಗೇತಿ. ತಾಯಿ ಪಾರ್ಟೂ ಹೆಂಡ್ತಿ ಪಾರ್ಟೂ ಒಬ್ಬಾಕಿನ ಮಾಡ್ಯಾಳ, ಮಾರ್ಗರಿತಾ ತೆರೆಖೋವಾ. ದೊಡ್ಡ ಹುಡುಗನಾಗಿದ್ದಾಗಿನ ಕಥಾನಾಯಕ, ಅಂವನ ಮಗ, ಇಬ್ಬರೂ ಒಬ್ಬನ ಹುಡುಗ. ಕಥಾನಾಯಕ ದೊಡ್ಡಾವ ಆದ ಮ್ಯಾಲ ಅಂವನ ಮಾರಿ ಕಾಣಂಗೇ ಇಲ್ಲ, ದನಿ ಅಷ್ಟ. ಇಷ್ಟು ಶುರುವಿಗೇ ಹೇಳಿದ್ರ ಸಿನಿಮಾದ ಗತ್ತೇನು ಕಡಿಮಿ ಆಗತಿದ್ದಿಲ್ಲ. ಹೊಲದಾಗ ಗಾಳಿ ಬೀಸಿದ ಮ್ಯಾಲ ಕವಿತಾ ಬೇರೆ ಓದ್ತಾರ, ಡೈರೆಕ್ಟರನ ಅಪ್ಪ ಅರ್ಸೇನಿ ತನ್ನ ಕವಿತಾ ತಾನs ಓದಿದ್ದು ಅವು, ನಮ್ಮವರು ಕೆಳಗ ಓಡೂ ಇಂಗ್ಲಿಷ್ ಸಬ್‌ಟೈಟಲ್ ಓದಬೇಕೋ ಮ್ಯಾಲ ಚಿತ್ರ ನೋಡಬೇಕೋ, ಕಣ್ಣಿಗೆ ಎರಡೂ ಆಗಂಗಿಲ್ಲ. ಇದನ್ನೂ ಬರಹದಾಗ ಹಾಕು, ಇದೂ ಪ್ರೇಕ್ಷಕರ ಅನುಭವನs.

ಈಗ ಡ್ಯಾಮಿನ ನೀರಾಗ ಮನಿ ಹೋದ ಹಳೇ ಬಾಗಲಕೋಟಿ ಅಕ್ಕನ ವಿಷಯಕ್ಕ ಬರ್ತೇನಿ. ಡೈರೆಕ್ಟರು ತನ್ನ ಬಾಲ್ಯದ ಮನಿ ಬಿದ್ದು ಹೋದ ಜಾಗಾದಾಗ, ಅದs ಪಾಯಾದ ಮ್ಯಾಲ, ಹಳೇ ಫೋಟೋ ನೋಡಿ ಮತ್ತ ಮನಿ ಕಟ್ಟಿಸಿದ. ಮುಂದಿನ ಹೊಲದಾಗ ತಾ ಸಣ್ಣಾವ ಇದ್ದಾಗ ಬಕ್‌ವೀಟ್ ಬೆಳೀತಿದ್ರು, ಬಿಳಿ ಹೂವಿನ ಬೆಳಿ ಅದು, ಅಲ್ಲಿ ರೈತರು ಇಲ್ಲೆ ಅದು ಈಗ ಬರಂಗಿಲ್ಲ ಅಂದ್ರೂ ಕೇಳದ ಹೊಲ ಬಾಡಿಗಿ ತಗೊಂಡು ಬಿತ್ತಿಸಿದ, ಬಂತು. ಇದನ್ನ ನೀವು ಆಮ್ಯಾಲೆ ಹೇಳಿದಾಗ ಆ ಅಕ್ಕ ಏನಂದ್ಲು? ‘ಅವರದು ಪಾಯಾನರ ಸಿಕ್ಕಿತ್ತು, ನಮ್ಮದು ನೀರಾಗ ಐತಿ.’ ಅಷ್ಟಕ್ಕ ನಿಲ್ಲಿಸಬೇಕಾಗಿತ್ತವಾ ನೀ. ಅದರ ಮುಂದ ‘ಅವಳ ಕಣ್ಣಾಲಿಗಳು ತುಂಬಿ ಬಂದವು’ ಅಂತ ಸೇರಿಸಿಬಿಟ್ಟಿ. ಬಂದಿದ್ವು ಏನು? ನೀನs ಫೋನಿನಾಗ ಹೇಳಿದಿ, ಆಕಿ ಅದನ್ನ ಹೇಳಿ ಇನ್ನೊಂದು ಚಾ ತರಿಸಿದ್ಲು ಅಂತ. ಚಾನs ಬರಿ. ಮುಳುಗಡಿ ಮಂದಿ ಅಂದ ಕೂಡ್ಲೇ ಅಳಸಾಕ ಬರೂ ಬರಹಗಾರರು ನಮ್ಮ ಜಿಲ್ಲಾದಾಗ ಈಗಾಗಲೇ ಬೇಕಾದಷ್ಟು ಅದಾರ.

ಡ್ಯಾಮಿನ ಇತಿಹಾಸ ಅಷ್ಟುದ್ದ ಯಾಕ ಬೇಕು? 1964ರಾಗ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿ ಡ್ಯಾಮಿಗೆ ಅಡಿಗಲ್ಲು ಹಾಕಿದ್ದು ಇಲ್ಲೆ ಎಲ್ಲಾರಿಗೂ ಗೊತ್ತೈತಿ. ಇಡೂದಾದ್ರ ಡ್ಯಾಮಿನ್ಯಾಗ ನೀರು ನಿಲ್ಲೂ ಮಟ್ಟದ ಎರಡು ನಂಬರ್ ಇಡು, 519.60 ಮೀಟರ್ ಮತ್ತ 524.256 ಮೀಟರ್. ಮೊದಲನೇದ್ದಕ್ಕ ಹಳೇ ಊರಿನವರು ನವನಗರದ ಸೆಕ್ಟರಿಗೆ ಬಂದ್ರು. ಎರಡನೇದ್ದು ಇನ್ನೂ ಆಗಿಲ್ಲ, ಗೇಟ್ ಎತ್ತರ ಮಾಡಿ ಅಲ್ಲಿ ಮಟ ನೀರು ನಿಲ್ಲಸ್ತೇವಿ ಅಂತ ಹೇಳಿಕೋತ ಹೊಂಟಾರ, ಅದಕ್ಕ ಹೋಗೂ ಮನ್ಯಾಗ ಮಂದಿ ಈಗೂ ರೊಟ್ಟಿ ಬಡೀತಾರ, ಗ್ವಾಡಿಗೆ ಸುಣ್ಣಾ ಹಚ್ಚಬೇಕೋ ಬ್ಯಾಡೋ ಅಂತ ವಿಚಾರ ಮಾಡ್ತಾರ. ನಿಮ್ಮ ಶೋಕ್ಕ ಅಂಥಾ ಹಳ್ಳ್ಯಾಂದ ಇಬ್ಬರು ಹುಡುಗರು ಬೈಕ್ ಮ್ಯಾಲ ಬಂದಿದ್ರು ಅಂತ ಒಂದs ಸಾಲಿನಾಗ ಬರದು ಮುಂದ ಹೋಗಿಬಿಟ್ಟಿ. ಮನಿ ಹೋದ ಮ್ಯಾಲ ನೆನಸೂದು ಸಿನಿಮಾದಾಗ ಐತಿ, ಆ ಅಕ್ಕನ ಮಾತಿನಾಗ ಐತಿ. ಇನ್ನೂ ನಿಂತಿರೋ ಮನ್ಯಾಗ ಕುಂತು ಅದನ್ನ ನೆನಪು ಮಾಡ್ಕೊಳ್ಳಾಕತ್ತವರು ಆ ಸಿನಿಮಾ ಹೆಂಗ ನೋಡ್ತಾರ, ಅದು ನಂಗೊತ್ತಿಲ್ಲ, ನಿನಗೂ ಗೊತ್ತಿಲ್ಲ, ರಷ್ಯಾದ ಆ ಪತ್ರದಾಗೂ ಸಿಗಂಗಿಲ್ಲ.

ಆ ಹುಡುಗರ ನಂಬರ್ ಇದ್ರ ಫೋನ್ ಹಚ್ಚು, ಇಲ್ಲಾಂದ್ರ ಊರಿಗೇ ಹೋಗಿ ಬಾ. ಸಿನಿಮಾ ತಿಳೀತೇನು ಅಂತ ಕೇಳಬ್ಯಾಡ, ಯಾವ ಸೀನು ನೆನಪೈತಿ ಅಂತ ಕೇಳು, ಹೆಸರು ಹಾಕೂದಿದ್ರ ಮೊದಲs ಒಪ್ಪಿಗಿ ತಗೋ. ಆಮ್ಯಾಲ ಬರಹ ಕಳಸು, ಅವಸರ ಏನಿಲ್ಲ.

ನಿನ್ನ ಕಾಕಾ