ಗಡಿಯ ಶಾಲೆಗೆ ಎರಡನೆಯ ಶಿಕ್ಷಕರು ಬೇಕು: ಶಿಕ್ಷಣ ಸಚಿವರಿಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು

ಮಾನ್ಯರೇ,

ನಾನು ಬೀದರ್ ಜಿಲ್ಲೆಯ ಉತ್ತರದ ಗಡಿಯ ಹಳ್ಳಿಗಳಲ್ಲಿ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿ ಕೆಲಸ ಮಾಡಿ ನಿವೃತ್ತಳಾದವಳು. ಸೇವೆಯಲ್ಲಿ ಇರುವವರೆಗೆ ಸರ್ಕಾರಿ ನೌಕರರ ನಡತೆ ನಿಯಮಗಳು ನಮ್ಮನ್ನು ಹೀಗೆ ಬಹಿರಂಗವಾಗಿ ಬರೆಯಲು ಬಿಡುವುದಿಲ್ಲ. ಇಂದಿಗೂ ಆ ಶಾಲೆಗಳಲ್ಲಿ ದುಡಿಯುತ್ತಿರುವ ಹೆಣ್ಣುಮಕ್ಕಳು ಬಾಯಿಬಿಟ್ಟು ಹೇಳಲಾಗದ ಒಂದು ವಿಷಯವನ್ನು ಅವರ ಪರವಾಗಿ ತಮ್ಮ ಮುಂದಿಡುತ್ತಿದ್ದೇನೆ. ನನ್ನ ಕೋರಿಕೆ ಒಂದೇ. ಗಡಿ ತಾಲ್ಲೂಕುಗಳಲ್ಲಿ ಒಬ್ಬಳೇ ಶಿಕ್ಷಕಿಯ ಮೇಲೆ ನಡೆಯುತ್ತಿರುವ ಪ್ರತಿಯೊಂದು ಶಾಲೆಗೂ ಎರಡನೆಯ ಕಾಯಂ ಶಿಕ್ಷಕರನ್ನು ಕೊಡಿ.

ರಾಜ್ಯದ ನಕ್ಷೆಯ ನೆತ್ತಿಯ ಮೇಲಿರುವುದು ಔರಾದ್ ತಾಲ್ಲೂಕು ಮತ್ತು ಈಚೆಗೆ ಅದರಿಂದ ಬೇರ್ಪಟ್ಟ ಕಮಲನಗರ. ಒಂದು ಕಡೆ ಮಹಾರಾಷ್ಟ್ರದ ಉದಗೀರ್ ಮತ್ತು ದೇಗಲೂರು, ಇನ್ನೊಂದು ಕಡೆ ತೆಲಂಗಾಣದ ನಾರಾಯಣಖೇಡ. ಬೆಂಗಳೂರು ಇಲ್ಲಿಂದ ಸುಮಾರು 700 ಕಿಲೋಮೀಟರ್ ದೂರ. ಆಸ್ಪತ್ರೆಗೆ, ಮದುವೆಯ ಜವಳಿಗೆ, ಕೂಲಿಗೆ ನಮ್ಮ ಜನ ಹೋಗುವುದು ಉದಗೀರಿಗೆ ಅಥವಾ ಹೈದರಾಬಾದಿಗೆ. 1948ರ ಸೆಪ್ಟೆಂಬರ್ 17ರವರೆಗೆ ಇದು ನಿಜಾಮರ ಸಂಸ್ಥಾನ; ಶಾಲೆಯ ಪಾಠವೂ ಕಚೇರಿಯ ಕಾಗದವೂ ಉರ್ದುವಿನಲ್ಲಿದ್ದವು. 1956ರಲ್ಲಿ ನಾವು ಈ ರಾಜ್ಯಕ್ಕೆ ಸೇರಿದ ಮೇಲೆಯೇ ಹಳ್ಳಿಹಳ್ಳಿಗೆ ಕನ್ನಡ ಶಾಲೆ ಬಂದದ್ದು. ಹಳೆ ಮೈಸೂರಿನ ಊರೊಂದರಲ್ಲಿ ನಾಲ್ಕು ತಲೆಮಾರು ಕಂಡಿರುವ ಕನ್ನಡ ಶಾಲೆ ನಮ್ಮಲ್ಲಿ ಎರಡು ತಲೆಮಾರಿನ ಮಾತು. ಅನೇಕ ಊರುಗಳಲ್ಲಿ ರಾಜ್ಯ ಸರ್ಕಾರ ಎಂದರೆ ಆ ಶಾಲೆ. ಆ ಶಾಲೆ ಎಂದರೆ ಅದರೊಳಗಿರುವ ಒಬ್ಬಳು ಹೆಣ್ಣುಮಗಳು.

ಅವಳ ಒಂದು ದಿನವನ್ನು ತಮಗೆ ವಿವರಿಸಬೇಕು. ಒಂದರಿಂದ ಮೂರನೇ ತರಗತಿಯ ಮಕ್ಕಳು ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ಕೋಣೆಯಲ್ಲಿ ‘ತಟ್ಟೆ’ ಎಂದು ಕರೆಯುವ ಗುಂಪುಗಳಲ್ಲಿ ಕೂತಿರುತ್ತಾರೆ. ನಲಿ-ಕಲಿ ಒಳ್ಳೆಯ ಪದ್ಧತಿ, ನಾನು ಅದನ್ನು ಮನಸಾರೆ ಪ್ರೀತಿಸಿ ಕಲಿಸಿದ್ದೇನೆ. ಆದರೆ ಶಿಕ್ಷಕರ ಪೂರ್ಣ ನೆರವು ಬೇಕಾದ ತಟ್ಟೆಯ ಮಕ್ಕಳ ಪಕ್ಕದಲ್ಲಿ ಶಿಕ್ಷಕಿ ಕೂತೇ ಇರಬೇಕೆಂಬುದು ಅದರ ಮೂಲ ನಿಯಮ. ಅದೇ ಹೊತ್ತಿನಲ್ಲಿ ನಾಲ್ಕು ಮತ್ತು ಐದನೇ ತರಗತಿಯವರು ಪಡಸಾಲೆಯಲ್ಲಿ ಗಣಿತದ ಪುಸ್ತಕ ತೆರೆದುಕೊಂಡು ಕಾಯುತ್ತಿರುತ್ತಾರೆ. ಅಡುಗೆಯವರು ಬಂದು ಇಂದು ಎಷ್ಟು ಮಕ್ಕಳು, ಎಷ್ಟು ಅಕ್ಕಿ ಅಳೆಯಬೇಕು ಎಂದು ಕೇಳುತ್ತಾರೆ. ಹಾಲಿನ ಪುಡಿಯ ಲೆಕ್ಕ, ಬೇಳೆಯ ಲೆಕ್ಕ, ಎಣ್ಣೆಯ ಲೆಕ್ಕ ಬರೆದಿಡಬೇಕು. 2021ರ ಡಿಸೆಂಬರಿನಲ್ಲಿ ಮಕ್ಕಳಿಗೆ ಮೊಟ್ಟೆ ಕೊಡುವುದು ಶುರುವಾದದ್ದು ನಮ್ಮ ಈ ಜಿಲ್ಲೆಗಳಿಂದಲೇ, ಅದಕ್ಕಾಗಿ ಸರ್ಕಾರವನ್ನು ಕೈಮುಗಿದು ನೆನೆಯುತ್ತೇನೆ. ಮೊಟ್ಟೆ ಬಂದ ದಿನ ತಾಂಡಾದ ಮಕ್ಕಳ ಮುಖ ನೋಡಿದವರಾರೂ ಆ ಯೋಜನೆಯನ್ನು ಟೀಕಿಸಲಾರರು. ಆದರೆ ಆ ಮೊಟ್ಟೆಯನ್ನು ಪೇಟೆಯಿಂದ ಒಡೆಯದಂತೆ ತರುವುದು, ದರ ಏರಿದಾಗ ಮೇಲಿನ ದುಡ್ಡನ್ನು ಕೈಯಿಂದ ಹಾಕುವುದು, ತಿನ್ನದವರಿಗೆ ಬಾಳೆಹಣ್ಣು ಹೊಂದಿಸುವುದು, ಎಲ್ಲವೂ ಅವಳೇ ಮಾಡಬೇಕಾದ ಕೆಲಸ.

ಮಧ್ಯಾಹ್ನದ ನಂತರ ಮೊಬೈಲಿನ ಕೆಲಸ. ಹಾಜರಾತಿ, ಊಟದ ಸಂಖ್ಯೆ, ಮಕ್ಕಳ ವಿವರ ದಾಖಲಿಸುವ ಎಸ್‌ಎಟಿಎಸ್ ತಂತ್ರಾಂಶದ ನಮೂದು, ಸಂಜೆಯೊಳಗೆ ಕಳಿಸಬೇಕಾದ ಮಾಹಿತಿ. ಗಡಿಯ ಊರುಗಳಲ್ಲಿ ಮೊಬೈಲು ಪಕ್ಕದ ರಾಜ್ಯದ ಟವರಿಗೆ ಜೋತುಬೀಳುತ್ತದೆ, ಇಲ್ಲವೇ ಯಾವುದಕ್ಕೂ ಸಿಗುವುದಿಲ್ಲ. 2025ರ ಸೆಪ್ಟೆಂಬರ್ 22ರಂದು ಆರಂಭವಾದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯಲ್ಲಿ ನಮ್ಮ ಶಿಕ್ಷಕಿಯರು ಮನೆಯೊಳಗೆ ಮಾಹಿತಿ ಕೇಳಿ ಬರೆದುಕೊಂಡು, ಸಿಗ್ನಲ್ಲಿಗಾಗಿ ಊರ ಹೊರಗಿನ ದಿಬ್ಬಕ್ಕೆ ನಡೆದು, ಒಟಿಪಿ ಬರದೆ ಮತ್ತೆ ಅದೇ ಮನೆಗೆ ಮರಳಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಮನೆಗಳ ಗಂಡಸರಲ್ಲಿ ಅರ್ಧದಷ್ಟು ಜನ ಹೈದರಾಬಾದಿನಲ್ಲೋ ಪುಣೆಯಲ್ಲೋ ಕಟ್ಟಡದ ಕೆಲಸದಲ್ಲಿದ್ದರು. ಕತ್ತಲಾದ ಮೇಲೆ ಒಬ್ಬಳೇ ಹೆಣ್ಣುಮಗಳು ಗೊತ್ತಿಲ್ಲದ ಓಣಿಯಲ್ಲಿ ಮೊಬೈಲು ಹಿಡಿದು ನಿಂತಿರುವುದು ಎಂಥ ಪರಿಸ್ಥಿತಿ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯು ಒಂದರಿಂದ ಐದನೇ ತರಗತಿಯ ಶಾಲೆಗೆ 60 ಮಕ್ಕಳವರೆಗೂ ಇಬ್ಬರು ಶಿಕ್ಷಕರಿರಬೇಕು ಎನ್ನುತ್ತದೆ. ಅದೇ ಕಾಯ್ದೆಯ 27ನೇ ಕಲಂ ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆಯ ಹೊರತು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು ಎನ್ನುತ್ತದೆ. ಕಾಯ್ದೆ 2009ರದ್ದು. ಹಾಗಾಗಿ ನಾನು ಕೇಳುತ್ತಿರುವುದು ಹೊಸ ಸವಲತ್ತೇನೂ ಅಲ್ಲ.

ಶಾಲೆಯಲ್ಲಿ ಒಬ್ಬಳೇ ಇರುವುದು ಹೆಣ್ಣುಮಗಳಿಗೆ ಬೇರೆಯದೇ ರೀತಿಯ ಕಷ್ಟ, ಆ ಮಾತು ಕಡತಗಳಲ್ಲಿ ಬರುವುದಿಲ್ಲ. ಹೆರಿಗೆ ರಜೆ 180 ದಿನ. 2021ರಲ್ಲಿ ಸರ್ಕಾರ ಮಹಿಳಾ ನೌಕರರಿಗೆ ಶಿಶುಪಾಲನಾ ರಜೆಯನ್ನೂ 180 ದಿನ ಕೊಟ್ಟಿತು. 2025ರ ಅಕ್ಟೋಬರಿನಲ್ಲಿ ಸಚಿವ ಸಂಪುಟ ತಿಂಗಳಿಗೊಂದು ದಿನದ ಋತುಚಕ್ರ ರಜೆಗೆ ಒಪ್ಪಿಗೆ ನೀಡಿತು. ಇವು ದೊಡ್ಡ ಮನಸ್ಸಿನ ತೀರ್ಮಾನಗಳು. ಆದರೆ ಒಬ್ಬಳೇ ಇರುವ ಶಾಲೆಯಲ್ಲಿ ರಜೆ ಕೇಳುವುದೆಂದರೆ ಶಾಲೆಗೆ ಬೀಗ ಹಾಕಲು ಅನುಮತಿ ಕೇಳಿದಂತೆ. ಶಿಶುಪಾಲನಾ ರಜೆಯ ಅರ್ಜಿ ಹಿಡಿದು ಹೋದರೆ ಮೇಲಿನವರು ಬದಲಿ ಯಾರಿದ್ದಾರೆ ಎಂದು ಕೇಳುತ್ತಾರೆ. ಯಾರೂ ಇಲ್ಲ ಎಂಬುದು ಕೇಳುವವರಿಗೂ ಗೊತ್ತು. ಜ್ವರ ಬಂದ ಕೂಸನ್ನು ಸೀರೆಯ ಜೋಳಿಗೆಯಲ್ಲಿ ಕೋಣೆಯ ಮೂಲೆಗೆ ಮಲಗಿಸಿಕೊಂಡು, ಐದನೇ ತರಗತಿಯ ಹುಡುಗಿಯೊಬ್ಬಳನ್ನು ಅದರ ಪಕ್ಕ ಕೂರಿಸಿ ಪಾಠ ಮಾಡಿದ ಶಿಕ್ಷಕಿಯರು ನಮ್ಮ ಭಾಗದಲ್ಲಿ ಬೇಕಾದಷ್ಟಿದ್ದಾರೆ. ಆ ಹುಡುಗಿಯ ಅಂದಿನ ಪಾಠವೂ ಹೋಯಿತು. ಸುತ್ತಲಿನ ಶಾಲೆಗಳ ಗುಂಪಾದ ಕ್ಲಸ್ಟರಿನ ಸಭೆಗೆ ಕರೆ ಬಂದ ದಿನ, ತರಬೇತಿಗೆ ಹೋದ ದಿನ ಪಕ್ಕದ ಶಾಲೆಯ ಶಿಕ್ಷಕರನ್ನು ನಿಯೋಜಿಸುತ್ತಾರೆ, ಆಗ ಆ ಶಾಲೆ ಸೊರಗುತ್ತದೆ.

ಅತಿಥಿ ಶಿಕ್ಷಕರಿದ್ದಾರಲ್ಲ ಎಂದು ತಮ್ಮ ಅಧಿಕಾರಿಗಳು ಹೇಳಬಹುದು. ಇದ್ದಾರೆ, ಹೆಚ್ಚಿನವರು ಊರಿನ ಅಥವಾ ಪಕ್ಕದ ಊರಿನ ಓದಿದ ಹೆಣ್ಣುಮಕ್ಕಳೇ, ಮತ್ತು ಅವರಿಲ್ಲದಿದ್ದರೆ ಎಷ್ಟೋ ಶಾಲೆಗಳು ಎಂದೋ ಮುಚ್ಚುತ್ತಿದ್ದವು. ಆದರೆ ಅವರ ಆದೇಶ ಶಾಲೆ ತೆರೆದ ಎಷ್ಟೋ ವಾರಗಳ ಮೇಲೆ ಬರುತ್ತದೆ, ಗೌರವಧನ ತಿಂಗಳುಗಟ್ಟಲೆ ತಡೆದು ಕೈಗೆ ಸೇರುತ್ತದೆ, ವರ್ಷ ಮುಗಿದೊಡನೆ ಅವರ ನಂಟೂ ಮುಗಿಯುತ್ತದೆ. 2022ರಲ್ಲಿ ರಾಜ್ಯವು 15,000 ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಕ್ಕೆ ಮುಂದಾದಾಗ ಅದರಲ್ಲಿ 5,000 ಹುದ್ದೆಗಳನ್ನು ಕಲ್ಯಾಣ ಕರ್ನಾಟಕಕ್ಕೆ ಎತ್ತಿಟ್ಟಿತ್ತು. ನಾವೆಲ್ಲ ಸಂತೋಷಪಟ್ಟೆವು. ಆದರೆ ಆ ಹುದ್ದೆಗಳು 6ರಿಂದ 8ನೇ ತರಗತಿಗಾಗಿ ಇದ್ದವು. ಐದನೇ ತರಗತಿಗೇ ನಿಲ್ಲುವ ತಾಂಡಾದ ಶಾಲೆಗೂ ಗಡಿಯ ಸಣ್ಣ ಹಳ್ಳಿಯ ಶಾಲೆಗೂ ಅವುಗಳಿಂದ ಯಾರೂ ಬರಲಿಲ್ಲ.

ಇನ್ನು ವರ್ಗಾವಣೆ. ಖಾಲಿ ಹುದ್ದೆ ಹೆಚ್ಚಿರುವ ತಾಲ್ಲೂಕಿನಿಂದ ಶಿಕ್ಷಕರನ್ನು ಬಿಡಬಾರದು ಎಂಬ ನಿಯಮದ ಹಿಂದಿನ ಚಿಂತೆ ನನಗೆ ಅರ್ಥವಾಗುತ್ತದೆ, ಬಿಟ್ಟರೆ ಶಾಲೆ ಬರಿದಾಗುತ್ತದೆ. ಆದರೆ ಈ ನಿಯಮದ ಭಾರವನ್ನು ಹೊರುವವರು ಯಾರು ಎಂದು ನೋಡಿ. ದಾವಣಗೆರೆಯಿಂದಲೋ ಹಾವೇರಿಯಿಂದಲೋ ಇಲ್ಲಿಗೆ ಬಂದ ಹೆಣ್ಣುಮಗಳು ಮದುವೆಯಾಗಿ, ಗಂಡ ಒಂದು ಕಡೆ, ಅತ್ತೆ-ಮಾವ ಒಂದು ಕಡೆ, ಮಗು ತವರಿನಲ್ಲಿ, ತಾನು ಇಲ್ಲಿ ಎಂದು ವರ್ಷಗಳನ್ನು ತಳ್ಳುತ್ತಾಳೆ. ಹುದ್ದೆ ತುಂಬದೇ ಇರುವುದು ಸರ್ಕಾರದ ಕೊರತೆ. ಅದನ್ನು ಅವಳ ಸಂಸಾರದಿಂದ ತುಂಬಿಸಿಕೊಳ್ಳುವುದು ನ್ಯಾಯವಲ್ಲ. ಹುದ್ದೆ ತುಂಬಿದರೆ ಅವಳಿಗೂ ದಾರಿ ತೆರೆಯುತ್ತದೆ, ಬಲವಂತದಿಂದಲ್ಲದೆ ಇಷ್ಟದಿಂದ ಇಲ್ಲಿ ಉಳಿಯುವವರೂ ಹೆಚ್ಚುತ್ತಾರೆ. ಅಂಥವರು ಇದ್ದಾರೆ. ನನ್ನ ಜತೆಗೆ ದುಡಿದ ಒಬ್ಬರು ತುಂಗಭದ್ರೆಯ ಕಡೆಯವರು, ಲಂಬಾಣಿ ಮತ್ತು ಮರಾಠಿ ಎರಡನ್ನೂ ಮಕ್ಕಳಿಂದಲೇ ಕಲಿತು, ಆ ಮಕ್ಕಳಿಗೆ ಕನ್ನಡ ಕಲಿಸಿ ಇಲ್ಲೇ ನಿಂತರು. ಮನೆಯಲ್ಲಿ ಮರಾಠಿ, ಉರ್ದು, ತೆಲುಗು ಅಥವಾ ಲಂಬಾಣಿ ಆಡುವ ಮಗುವಿಗೆ ಕನ್ನಡವನ್ನು ಅಕ್ಷರದ ಮೊದಲು ಮಾತಾಗಿ ಕೊಡಬೇಕಾಗುತ್ತದೆ. ಅದು ನಿಧಾನದ ಕೆಲಸ, ಮಗುವಿನ ಮುಖ ನೋಡುತ್ತ ಮಾಡುವ ಕೆಲಸ. ಐದು ತರಗತಿಯನ್ನು ಒಬ್ಬಳೇ ನೋಡುವಾಗ ಮೊದಲು ಕೈಬಿಟ್ಟುಹೋಗುವುದು ಅದೇ. ಪ್ರತಿ ವರ್ಷ ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಪಟ್ಟಿಯ ಕೆಳಗೆ ಕಂಡಾಗ ಪ್ರೌಢಶಾಲೆಯ ಮುಖ್ಯ ಶಿಕ್ಷಕರಿಗೆ ನೋಟಿಸು ಹೋಗುತ್ತದೆ. ಬೇರು ಒಂದನೇ ತರಗತಿಯಲ್ಲಿದೆ.

ಪ್ರಯಾಣದ ಮಾತನ್ನೂ ಸೇರಿಸುತ್ತೇನೆ, ಏಕೆಂದರೆ ಎರಡನೆಯ ಶಿಕ್ಷಕರು ಬಂದರೂ ನಿಲ್ಲುವುದು ಇದರ ಮೇಲೆಯೇ. ಹಳ್ಳಿಯಲ್ಲಿ ಬಾಡಿಗೆ ಮನೆ ಸಿಗುವುದಿಲ್ಲ, ಒಂಟಿ ಹೆಣ್ಣಿಗೆ ಇನ್ನೂ ಸಿಗುವುದಿಲ್ಲ. ಹಾಗಾಗಿ ಔರಾದ್, ಭಾಲ್ಕಿ ಅಥವಾ ಬೀದರಿನಲ್ಲಿ ಕೋಣೆ ಮಾಡಿಕೊಂಡು ದಿನಾ ಓಡಾಡುತ್ತಾರೆ. ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನ ಖರ್ಚು ಉಳಿದಿದೆ, ಅದು ಸತ್ಯ. ಆದರೆ ಮುಖ್ಯರಸ್ತೆಯಲ್ಲಿ ಇಳಿದ ಮೇಲೆ ಊರೊಳಗೆ ಹೋಗಲು ಟಂಟಂ ಆಟೊ ಕಾಯಬೇಕು, ಅದು ತುಂಬದೆ ಹೊರಡುವುದಿಲ್ಲ. ಶನಿವಾರದ ಬೆಳಗಿನ ಶಾಲೆಗೆ ತಕ್ಕ ಬಸ್ಸಿಲ್ಲ. ಕೆಲವು ಊರುಗಳಿಗೆ ಹತ್ತಿರದ ದಾರಿ ಪಕ್ಕದ ರಾಜ್ಯದೊಳಗಿಂದ ಹೋಗುತ್ತದೆ. ಆ ರಾಜ್ಯದ ಬಸ್ಸುಗಳಲ್ಲಿ ಶಕ್ತಿ ಯೋಜನೆ ನಡೆಯುವುದಿಲ್ಲ. ಹೋಬಳಿಗೊಂದರಂತೆ ಶಿಕ್ಷಕಿಯರಿಗೆ ನಾಲ್ಕಾರು ಮನೆಗಳ ವಸತಿಗೃಹ ಕಟ್ಟಿಸುವುದು ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಭಾರವಾಗದು. ಗಡಿ ಪ್ರದೇಶದ ಅಭಿವೃದ್ಧಿಯ ಹೆಸರಿನಲ್ಲಿ ಭವನಗಳೂ ಉತ್ಸವಗಳೂ ಆಗುತ್ತಿವೆ, ಬೇಡವೆನ್ನುವುದಿಲ್ಲ. ಗಡಿಯಲ್ಲಿ ಕನ್ನಡ ಉಳಿಯುವ ಜಾಗ ಮಾತ್ರ ನಲಿ-ಕಲಿ ಕೋಣೆ ಎಂದು ನನ್ನ ದೃಢವಾದ ನಂಬಿಕೆ.

ಸಂವಿಧಾನದ 371(ಜೆ) ವಿಧಿಯ ಅಡಿಯಲ್ಲಿ ನಮ್ಮ ಭಾಗದವರಿಗೇ ಮೀಸಲಾದ ಹುದ್ದೆಗಳಿವೆ. ಡಿ.ಇಡಿ. ಮುಗಿಸಿ, ಶಿಕ್ಷಕರ ಅರ್ಹತಾ ಪರೀಕ್ಷೆ (ಟಿಇಟಿ) ಪಾಸಾಗಿ ಮನೆಯಲ್ಲಿ ಕೂತಿರುವ ಹೆಣ್ಣುಮಕ್ಕಳು ನಮ್ಮ ತಾಲ್ಲೂಕುಗಳಲ್ಲೇ ಇದ್ದಾರೆ. ಅವರು ಇಲ್ಲಿಯವರು, ವರ್ಗಾವಣೆ ಬೇಡುವ ಸಂದರ್ಭವೇ ಅವರಿಗೆ ಬಹುತೇಕ ಬರುವುದಿಲ್ಲ. ದಯವಿಟ್ಟು ಬೀದರ್ ಜಿಲ್ಲೆಯ ಗಡಿ ತಾಲ್ಲೂಕುಗಳ ಏಕೋಪಾಧ್ಯಾಯ ಶಾಲೆಗಳ ಪಟ್ಟಿಯನ್ನು ಶಾಲೆಯ ಹೆಸರಿನೊಂದಿಗೆ ಸಾರ್ವಜನಿಕವಾಗಿ ಪ್ರಕಟಿಸಿ. 1ರಿಂದ 5ನೇ ತರಗತಿಯ ನೇಮಕಾತಿಯಲ್ಲಿ ಆ ಶಾಲೆಗಳ ಹುದ್ದೆಯನ್ನೇ ಮೊದಲು ತುಂಬಿ. ಅಲ್ಲಿಯವರೆಗೆ ಅತಿಥಿ ಶಿಕ್ಷಕರ ಆದೇಶವನ್ನು ಶಾಲೆ ತೆರೆಯುವ ದಿನಕ್ಕೇ ಹೊರಡಿಸಿ, ಅವರ ಗೌರವಧನವನ್ನು ತಿಂಗಳು ತಿಂಗಳಿಗೆ ಕೊಡಿ. ಒಬ್ಬಳೇ ಶಿಕ್ಷಕಿ ಇರುವ ಶಾಲೆಯಿಂದ ಸಮೀಕ್ಷೆಗಾಗಲಿ ಮತಗಟ್ಟೆ ಅಧಿಕಾರಿಯ ಕೆಲಸಕ್ಕಾಗಲಿ ಆಕೆಯನ್ನು ಎಳೆಯಬಾರದೆಂದು ಜಿಲ್ಲಾಡಳಿತಕ್ಕೆ ಲಿಖಿತವಾಗಿ ತಿಳಿಸಿ. ಮತ್ತು ಆಕೆ ರಜೆ ಕೇಳಿದ ದಿನ ಬದಲಿ ಶಿಕ್ಷಕರನ್ನು ಹುಡುಕುವ ಹೊಣೆ ಆಕೆಯದಲ್ಲ, ಇಲಾಖೆಯದು ಎಂಬುದನ್ನು ಆದೇಶದಲ್ಲಿಯೇ ಬರೆಯಿಸಿ.

ತಮ್ಮ ಉತ್ತರವನ್ನು ನನಗೆ ಕಳಿಸಬೇಕೆಂದೇನಿಲ್ಲ. ಮುಂದಿನ ಶೈಕ್ಷಣಿಕ ವರ್ಷಕ್ಕೆ ಶಾಲೆ ತೆರೆಯುವ ಹೊತ್ತಿಗೆ ಆ ಶಾಲೆಗಳ ಹಾಜರಿ ಪುಸ್ತಕದಲ್ಲಿ ಎರಡನೆಯ ಸಹಿ ಬೀಳುವಂತೆ ಮಾಡಿ.

ಗೌರವಪೂರ್ವಕ ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ನಿವೃತ್ತ ಶಿಕ್ಷಕಿ, ಬೀದರ್ ಜಿಲ್ಲೆ